ಒಂಬತ್ತನೆಯ ಸದ್ದು

ಸಮುದ್ರ ನೋಡಿದವರು ಕೈ ಎತ್ತಿ ಎಂದು ಕೇಳಿದೆ. ಬಿ.ಎ. ಎರಡನೆಯ ವರ್ಷದ ಆ ಕೋಣೆಯಲ್ಲಿ ಒಂದು ಕೈಯೂ ಮೇಲೇಳಲಿಲ್ಲ. ಕೊನೆಗೆ ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಟಿವ್ಯಾಗ ನೋಡೇವ್ರಿ ಮ್ಯಾಡಮ್. ಲೈಟ್ ಇದ್ದಾಗ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಹಾರಾಷ್ಟ್ರದ ಗಡಿಯೊಳಗಿನ ಜತ್ತ ತಾಲೂಕಿನಲ್ಲಿ, ಉಮದಿ ಕಡೆಯ ಒಂದು ಕಾಲೇಜಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದ ಕಾಲ ಅದು. ಎರಡು ಸಾವಿರದ ಏಳನೆಯ ಇಸವಿಯ ಆಸುಪಾಸು. ದಿನಕ್ಕೆ ಎಷ್ಟು ತಾಸು ಕರೆಂಟ್ ಇರುತ್ತದೆ ಎಂಬುದರ ಮೇಲೆ ಊರಿನ ಬದುಕು ನಡೆಯುತ್ತಿತ್ತು. ಪಠ್ಯದಲ್ಲಿದ್ದ ಕಥೆ ಮಾತ್ರ ಸಮುದ್ರದ್ದು. ದೀಪಸ್ತಂಭ ಕಾಯುವ ಒಬ್ಬ ಮುದುಕ. ಮೂವತ್ತು ವರ್ಷ ಒಂದು ದಿನವೂ ತಪ್ಪದೆ ದೀಪ ಹಚ್ಚಿ, ಹಚ್ಚಿದೆ ಎಂದು ದಪ್ಪ ಪುಸ್ತಕದಲ್ಲಿ ಬರೆಯುವವನು. ಒಂದು ಸಂಜೆ ಊಟಕ್ಕೆ ಕುಳಿತಾಗ ಅವನ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ನೋಡುತ್ತಾಳೆ: ಸ್ತಂಭ ಕತ್ತಲಾಗಿದೆ. ಗಂಡ "ಹಚ್ಚಿ ಬಂದೆ" ಎನ್ನುತ್ತಾನೆ. ಅವಳು ಏನೂ ಹೇಳದೆ ಅವನ ತಟ್ಟೆಗೆ ಇನ್ನೊಂದು ಸವುಟು ಸಾರು ಬಡಿಸುತ್ತಾಳೆ. ದೂರದಲ್ಲಿ ಹಡಗಿನ ಕೂಗು ಕೇಳುವಲ್ಲಿಗೆ ಕಥೆ ಮುಗಿಯುತ್ತದೆ.

ಅವಳು ಯಾಕೆ ಮಾತಾಡಲಿಲ್ಲ? ನಾನು ಕೇಳಿದೆ. ಹುಡುಗಿಯರು ತಲೆ ತಗ್ಗಿಸಿದರು. ಒಬ್ಬ ಹುಡುಗ "ಗಂಡಗ ಅಂಜಿ" ಎಂದ. ಮತ್ತೆ ನಗು. ಚರ್ಚೆ ಅಲ್ಲಿಗೆ ಮುಗಿಯಿತು.

ಕೊಲ್ಹಾಪುರದ ತರಬೇತಿಯೊಂದರಲ್ಲಿ ಯಾರೋ ಇಂಟರ್ನೆಟ್ಟಿನ ಚರ್ಚಾ ಗುಂಪಿನ ಬಗ್ಗೆ ಹೇಳಿದ್ದರು. ತರಗತಿಯಲ್ಲಿ ಬಾಯಿ ಬಿಡದವರು ಅಲ್ಲಿ ಬರೆಯುತ್ತಾರಂತೆ. ಪ್ರಾಚಾರ್ಯರನ್ನು ಕೇಳಿದೆ. "ಮ್ಯಾಡಮ್, ನಮ್ಮಲ್ಲಿ ಕಂಪ್ಯೂಟರ್ ಎರಡ ಅದಾವ. ಒಂದು ಆಫೀಸಿಂದು, ಇನ್ನೊಂದು ಕೆಟ್ಟಿದ್ದು. ಯಾವ್ದ ಬೇಕು?" ಎಂದರು. ಹಾಗಾಗಿ ಬಸ್ ಸ್ಟ್ಯಾಂಡಿನ ಎದುರಿಗಿದ್ದ ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯೇ ನಮ್ಮ ಗತಿಯಾಯಿತು. ಅಲ್ಲಿ ಮೂರು ಕಂಪ್ಯೂಟರುಗಳಿದ್ದವು. ಶನಿವಾರ ಹನ್ನೊಂದರಿಂದ ಒಂದರವರೆಗೆ ಹುಡುಗಿಯರು, ರವಿವಾರ ಬೆಳಿಗ್ಗೆ ಹುಡುಗರು. ಬರೆದದ್ದನ್ನು ನಾನು ಶನಿವಾರ ಮಧ್ಯಾಹ್ನ ಒಮ್ಮೆ, ಸೋಮವಾರ ಕಾಲೇಜಿಗೆ ಮೊದಲು ಒಮ್ಮೆ ನೋಡುವುದು.

ನಿಯಮ ಮೂರೇ ಮಾಡಿದ್ದೆ. ಒಬ್ಬೊಬ್ಬರೂ ಕಥೆಯ ಬಗ್ಗೆ ತಮ್ಮದೊಂದು ಬರಹ ಹಾಕಬೇಕು. ಬೇರೆ ಇಬ್ಬರ ಬರಹಕ್ಕೆ ಉತ್ತರ ಕೊಡಬೇಕು. ಸುಮ್ಮನೆ 'ಚೆನ್ನಾಗಿದೆ' ಎಂದರೆ ನಡೆಯುವುದಿಲ್ಲ. ಮೂರನೆಯದು, ಎಲ್ಲರೂ ಸುಳ್ಳು ಹೆಸರಿನಲ್ಲಿ ಬರೆಯಬೇಕು. ಯಾರು ಯಾರೆಂದು ನಾನು ಕೇಳುವುದಿಲ್ಲ, ನೀವೂ ಕೇಳಬಾರದು. ಈ ಮಾತನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದ್ದೆ. ಒಬ್ಬ 'ಖಾಲಿ ಬಸ್' ಎಂಬ ಹೆಸರಿಟ್ಟುಕೊಂಡ, ಒಬ್ಬ 'ಹತೋಡಿ', ಅಂದರೆ ಸುತ್ತಿಗೆ. ಹುಡುಗಿಯರಲ್ಲಿ ಒಬ್ಬಳು 'ಖಾರ'.

ಮೊದಲೆರಡು ವಾರ ದೊಡ್ಡ ಸೋಲು. ಎಲ್ಲರೂ ಗೈಡಿನ ಒಂದೇ ವಾಕ್ಯವನ್ನು ನಕಲು ಮಾಡಿದ್ದರು: ಹೆಂಡತಿ ತ್ಯಾಗದ ಮೂರ್ತಿ. ಅದೇ ವಾಕ್ಯ, ಅದೇ ಕಾಮಾ, ಪರದೆಯ ಮೇಲಿಂದ ಕೆಳಗಿನವರೆಗೆ. ಒಮ್ಮೆ ಎಲ್ಲರೂ ಬರೆದು ಮುಗಿಸುವಷ್ಟರಲ್ಲಿ ಕರೆಂಟ್ ಹೋಗಿ ಅದೂ ಅಳಿಸಿಹೋಯಿತು. ಮರುವಾರದಿಂದ ಮೊದಲು ವಹಿಯಲ್ಲಿ ಬರೆದುಕೊಂಡು ಬನ್ನಿ ಎಂದೆ. ಅಂಗಡಿಯವರು ನನಗೆ ಸಮಾಧಾನ ಹೇಳಿದರು: "ಮ್ಯಾಡಮ್‌ರೀ, ಹುಡುಗೂರು ಸಿನಿಮಾದ ಫೋಟೋ ನೋಡ್ಲಾಕ ಬರ್ತಾವ. ನಿಮ್ಮ ಹುಡುಗೂರು ತ್ಯಾಗದ ಮೂರ್ತಿ ಬರೀಲಾಕ ಬರ್ತಾವ. ಎಷ್ಟ ಚಲೋ!"

ಮೂರನೆಯ ವಾರ ನಾನು ಪ್ರಶ್ನೆಯನ್ನೇ ಬದಲಿಸಿದೆ. ಅವಳು ಯಾಕೆ ಮಾತಾಡಲಿಲ್ಲ ಎಂದು ಕೇಳುವುದನ್ನು ಬಿಟ್ಟು, ನಿಮಗೆ ಏನೋ ಗೊತ್ತಿದ್ದೂ ಹೇಳದೆ ಉಳಿದ ಒಂದು ಸಂಗತಿ ಬರೆದು, ಅಲ್ಲಿಂದ ಆ ಹೆಂಡತಿಯನ್ನು ನೋಡಿ ಎಂದೆ.

ಆ ಶನಿವಾರ ನಾನು ಕುರ್ಚಿಯಿಂದ ಏಳಲಿಲ್ಲ. ವ್ಯಾಕರಣವಿಲ್ಲದ ಇಂಗ್ಲಿಷ್, ಅಲ್ಲಲ್ಲಿ ಕನ್ನಡ, ಅಲ್ಲಲ್ಲಿ ಮರಾಠಿ. ಆದರೆ ಅದರೊಳಗೆ ಮನುಷ್ಯರಿದ್ದರು. ಅಜ್ಜಿಗೆ ಕಣ್ಣು ಕಾಣುವುದಿಲ್ಲ ಎಂದು ಗೊತ್ತಿದ್ದೂ, ಅವಳು ಸೂಜಿಗೆ ದಾರ ಪೋಣಿಸಿದಂತೆ ಮಾಡುವಾಗ ಸುಮ್ಮನಿದ್ದ ಹುಡುಗಿ. ಇದು ತನ್ನ ಅಜ್ಜಿಗೂ ದೀಪಸ್ತಂಭದ ಮುದುಕನಿಗೂ ಇರುವ ನಂಟು ಎಂದು ಅವಳು ಬರೆದಿದ್ದಳು. ಸಮುದ್ರ ಕಾಣದ ಈ ಮಕ್ಕಳು ಆ ಕಿಟಕಿಯ ಹತ್ತಿರ ಹೋಗಿ ನಿಂತುಬಿಟ್ಟಿದ್ದರು. ಎಷ್ಟೋ ಸಲ ಕಲಿಸಿದ್ದ ಆ ಕಥೆಯೊಳಗೆ ನಾನು ಅಷ್ಟು ದೂರ ಹೋಗಿರಲಿಲ್ಲ.

ಅವುಗಳ ನಡುವೆ ಖಾರಳ ಬರಹವಿತ್ತು. ಕನ್ನಡದಲ್ಲಿ ಹೇಳುವುದಾದರೆ ಅದು ಹೀಗಿತ್ತು:

"ಆ ಹೆಂಡತಿಗೆ ಗೊತ್ತಿತ್ತು. ಗೊತ್ತಾಗುವುದು ಕಷ್ಟವಲ್ಲ. ಗೊತ್ತಿರುವವಳು ನಾನೊಬ್ಬಳೇ ಎಂಬುದು ಕಷ್ಟ. ಗುರುವಾರ ಸಂಜೆ ಅಪ್ಪ ಬಾವಿಯಲ್ಲಿ ಒಂಬತ್ತು ಬಾರ್ ಹಚ್ಚಿದರು. ನಾನು ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ಒಟ್ಟು ಮಾಡುತ್ತಿದ್ದೆ. ಒಂದೊಂದು ಸದ್ದಿಗೆ ಒಂದೊಂದು ಕಾಯಿ ಬದಿಗಿಟ್ಟೆ. ಎಂಟು ಕಾಯಿ ಆದವು. ಅಪ್ಪ ಮನೆಗೆ ಬಂದು ಒಂಬತ್ತು ಅಂದರು. ನಮ್ಮ ಮನೆಯಲ್ಲಿ ಅಪ್ಪ ಎಣಿಸಿದ್ದೇ ಎಣಿಕೆ. ನಾನು ಎಂಟಕ್ಕೆ ಇನ್ನೊಂದು ಕಾಯಿ ಸೇರಿಸಿ ರಾಶಿಗೆ ಹಾಕಿದೆ."

ಬಾರ್ ಎಂದರೆ ಕಲ್ಲಿನಲ್ಲಿ ತೂತು ಕೊರೆದು, ಮದ್ದು ತುಂಬಿ, ಬತ್ತಿಗೆ ಬೆಂಕಿ ಹಚ್ಚಿ ಸಿಡಿಸುವುದು. ಆ ಕಡೆ ಮಣ್ಣು ಎರಡು ಮೊಳ, ಅದರ ಕೆಳಗೆಲ್ಲ ಕರಿಕಲ್ಲು. ಬಾವಿ ತೋಡುವುದೆಂದರೆ ಕಲ್ಲು ಸಿಡಿಸುವುದೇ. ಇದಿಷ್ಟು ನನಗೂ ಗೊತ್ತಿತ್ತು. ಪಾಠ ಮಾಡುವಾಗ ಎಷ್ಟೋ ಸಲ ದೂರದಲ್ಲಿ ಢಮ್ ಎಂದು ಕಿಟಕಿಯ ಗಾಜು ನಡುಗುತ್ತಿತ್ತು. ಆಗೆಲ್ಲ ಮಕ್ಕಳು ಬೆಂಚಿನ ಕೆಳಗೆ ಬೆರಳು ಮಡಚುವುದನ್ನು ನೋಡಿ, ಆಟ ಆಡಬೇಡಿ ಎಂದು ಬೈದೂ ಇದ್ದೆ. ಅದು ಏನೆಂದು ಯಾರನ್ನೂ ಕೇಳಿರಲಿಲ್ಲ. ನಾನು ವಿಜಾಪುರದ ಪೇಟೆಯವಳು, ನಳದ ನೀರು ಕುಡಿದವಳು.

ಆ ಬರಹವನ್ನು ಎರಡು ಸಲ ಓದಿ, ಮೆಚ್ಚಿ, ಕೆಳಗೆ ಹೀಗೆ ಬರೆದೆ: "ಬಹಳ ಒಳ್ಳೆಯ ಕಲ್ಪನೆ. ಕ್ರಿಯಾಪದಗಳ ಕಾಲ ತಿದ್ದು. ಮೆಣಸಿನಕಾಯಿ ಎಣಿಸುವ ವಿವರ ಇಲ್ಲಿ ಬೇಕೆ?"

ಬರೆದು, ಚಹಾ ಕುಡಿದು, ವಿಜಾಪುರದ ಬಸ್ ಹತ್ತಿದೆ. ಈಗಲೂ ಬಸ್ಸಿನಲ್ಲಿ ಕುಳಿತಾಗ ಆ ಚಹಾದ ರುಚಿ ಬಾಯಿಗೆ ಬರುತ್ತದೆ.

ಸೋಮವಾರ ಬೆಳಿಗ್ಗೆ ಎಂಟೂವರೆಗೆ ಅಂಗಡಿಗೆ ಹೋದೆ. ಖಾರಳ ಬರಹದ ಕೆಳಗೆ, ನನ್ನ ಮಾತಿನ ಕೆಳಗೆ, ರವಿವಾರ ಹತೋಡಿ ಎಂಬವನು ಉತ್ತರ ಬರೆದಿದ್ದ:

"ಮ್ಯಾಡಮ್‌ಗೆ ತಿಳಿದಿಲ್ಲ. ಇದು ಕಲ್ಪನೆ ಅಲ್ಲ. ಒಂದು ಬಾರ್ ಸಿಡಿಯದೆ ಕಲ್ಲಿನೊಳಗೆ ಉಳಿದಿದೆ. ಮತ್ತೆ ಕೊರೆಯಲು ಹೋದರೆ ಡ್ರಿಲ್ಲಿನ ಮೊನೆ ಜಾರಿ ಹಳೆಯ ತೂತಿಗೇ ಇಳಿಯುತ್ತದೆ. ನನ್ನ ಕಾಕಾ ಹಾಗೇ ಹೋದ. ಖಾರ, ನೀನು ಯಾರೇ ಇರು, ಡ್ರಿಲ್ ಓಡಿಸುವ ಕಂಪ್ರೆಸರ್ ಮತ್ತೆ ಯಾವತ್ತು ಬರುತ್ತದೆ? ಮನೆಯಲ್ಲಿ ಹೇಳು."

ಅದರ ಕೆಳಗೆ ಏನೂ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಹುಡುಗಿಯರ ಸರದಿ ಮತ್ತೆ ಶನಿವಾರ. ಅವನ ಪ್ರಶ್ನೆ ಒಂದು ಹಗಲು ಒಂದು ರಾತ್ರಿ ಅಲ್ಲಿ ಹಾಗೇ ಕುಳಿತಿತ್ತು, ನನ್ನ 'ವಿವರ ಬೇಕೆ' ಎಂಬ ಪ್ರಶ್ನೆಯ ಮಗ್ಗುಲಲ್ಲಿ.

ಕಾಲೇಜಿನವರೆಗೆ ಓಡಿದೆನೋ ನಡೆದೆನೋ ನೆನಪಿಲ್ಲ. ಮೊದಲ ತಾಸು ನನ್ನದೇ. ಹಾಜರಿ ಕೂಗಲಿಲ್ಲ. ಮಾತು ಕೊಟ್ಟದ್ದು ನಾನೇ. ಈ ಮಕ್ಕಳು ಮನೆಯಲ್ಲಿ ಹೇಳದ್ದನ್ನು ಬರೆದದ್ದು ಆ ಮಾತನ್ನು ನಂಬಿ. ಅದನ್ನು ಒಮ್ಮೆ ಮುರಿದರೆ ಮತ್ತೆ ಯಾರೂ ಬರೆಯಲಾರರು. ಮುರಿಯದಿದ್ದರೆ? ಬಾಗಿಲಲ್ಲಿ ನಿಂತಷ್ಟು ಹೊತ್ತು ಇದೇ ತಲೆಯಲ್ಲಿ ತಿರುಗಿತು. ಆಮೇಲೆ ಹೇಳಿದೆ:

"ಯಾರು ಯಾರಂತ ಕೇಳೂದಿಲ್ಲ ಅಂದಿದ್ದೆ. ಈಗ ಕೇಳ್ತೀನಿ. ಖಾರ ಯಾರು?"

ಹುಡುಗಿಯರ ಬೆಂಚಿನ ಕಡೆ ನೋಡಿದೆ. ಅವರು ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಆಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ಸಮುದ್ರವನ್ನು ಟಿವಿಯಲ್ಲಿ ನೋಡಿದ್ದೇನೆಂದು ನಗಿಸಿದವನೇ.

"ಹತೋಡಿ ಅಂದ್ರ ನಾನರಿ ಮ್ಯಾಡಮ್," ಎಂದ. "ನಿನ್ನಿಯಿಂದ ಹುಡುಕಾಕತ್ತೀನ್ರಿ. ಯಾರ್ನ ಕೇಳ್ಲಿ? ಕೇಳಬ್ಯಾಡ್ರಿ ಅಂತ ನೀವ ಹೇಳಿದ್ರಿ."

ಅವನು ತನ್ನ ಹೆಸರು ಕೊಟ್ಟ ಮೇಲೆ ಉಳಿದವರಿಗೆ ಧೈರ್ಯ ಬಂತು. ಮೊದಲ ಬೆಂಚಿನ ಹುಡುಗಿಯೊಬ್ಬಳು ನಿಧಾನಕ್ಕೆ ಎದ್ದು ನಿಂತಳು. "ಮ್ಯಾಡಮ್, ಆಕಿ ಇವತ್ತ ಬಂದಿಲ್ಲರಿ. ಕರಜಗಿ ಹಾದ್ಯಾಗ ಅವರ ವಸ್ತಿ ಐತಿ. ಅವರಪ್ಪ ಬಾರ್ ಹಾರಸೂ ಉಸ್ತಾದ್ರು. ಇವತ್ತ ಕಂಪ್ರೆಸರ್ ಬರ್ತೈತಿ, ಆಳಿಗೆ ಬುತ್ತಿ ಒಯ್ಯೂದೈತಿ ಅಂದಿದ್ಳು."

ಇವತ್ತು. ನಾನು ಚಾಕ್ ಕೆಳಗಿಟ್ಟೆ.

ಸ್ಟ್ಯಾಂಡಿನಲ್ಲಿ ಆ ಕಡೆ ಹೋಗುವ ಜೀಪೊಂದು ನಿಂತಿತ್ತು. ಡ್ರೈವರ್ ಬಾನೆಟ್ ಮೇಲೆ ಕುಳಿತು ಶೇಂಗಾ ತಿನ್ನುತ್ತಿದ್ದ. ಅರ್ಜೆಂಟ್ ಇದೆ, ಹೊರಡು ಎಂದೆ.

"ಇನ್ನ ನಾಕ ಮಂದಿ ಆಗ್ಲಿರಿ ಮ್ಯಾಡಮ್. ಜೀಪ ತುಂಬ್ಲಿ."

ನನ್ನ ಹಿಂದೆಯೇ ಬಂದಿದ್ದ ಹತೋಡಿ ಮುಂದೆ ನುಗ್ಗಿದ. "ನಾಕ ಮಂದಿ ಸತ್ತಮ್ಯಾಲ ತುಂಬತೈತೇನೋ ನಿನ್ನ ಜೀಪ? ಉಸ್ತಾದ್ರ ಬಾವ್ಯಾಗ ಒಂದ ಬಾರ್ ಉಳದೈತಿ. ನಡಿ ಲಗೂನ!"

ಡ್ರೈವರ್ ಶೇಂಗಾ ಚೆಲ್ಲಿ ಇಳಿದ. ಗಾಡಿ ಚಾಲೂ ಮಾಡಿದ. ಆ ಒಂದು ವಾಕ್ಯ ಅವನಿಗೆ ಅರ್ಥವಾದ ವೇಗ ನೋಡಿ ನನಗೆ ನಾಚಿಕೆಯಾಯಿತು. ದಾರಿಯುದ್ದಕ್ಕೂ ಹತೋಡಿ ಕಿಟಕಿಯ ಹೊರಗೆ ತಲೆ ಹಾಕಿ ಏನನ್ನೋ ಆಲಿಸುತ್ತಿದ್ದ. ಏನು ಕೇಳುತ್ತೀಯ ಎಂದೆ. "ಕಂಪ್ರೆಸರ್ ಸಪ್ಪಳಾರಿ. ಬರಾಕತ್ತಿಲ್ಲ ಅಂದ್ರ ಚಲೋ," ಎಂದ. ಹೊಲದ ನಡುವಿನ ಆ ವಸ್ತಿ ಹತ್ತಿರವಾದಾಗ ಆ ಸಪ್ಪಳ ನನಗೂ ಕೇಳಿತು.

ಬಾವಿಯ ದಡದಲ್ಲಿ ಟ್ರ್ಯಾಕ್ಟರ್ ನಿಂತಿತ್ತು. ಅದರ ಹಿಂದಿನ ಕಂಪ್ರೆಸರ್ ನೆಲ ನಡುಗಿಸುತ್ತಿತ್ತು. ದಪ್ಪ ರಬ್ಬರ್ ನಳಿಗೆ ಬಾವಿಯೊಳಕ್ಕೆ ಇಳಿದಿತ್ತು. ಒಳಗೆ ಬಗ್ಗಿ ನೋಡಿದೆ. ಬಹಳ ಆಳದಲ್ಲಿ ಇಬ್ಬರು, ತಲೆಗೆ ಟವೆಲ್ ಸುತ್ತಿಕೊಂಡವರು, ಡ್ರಿಲ್ಲನ್ನು ಕಲ್ಲಿನ ಮೇಲೆ ನಿಲ್ಲಿಸುತ್ತಿದ್ದರು. ಇನ್ನೂ ಒತ್ತಿರಲಿಲ್ಲ.

"ಹಿಂದ ಸರೀರಿ, ಅಂಚು ಸಡಲೈತಿ!" ಬಿಳಿ ಗಡ್ಡದ ಒಬ್ಬರು ಕೂಗಿದರು. ಅವರೇ ಉಸ್ತಾದರು. ಅವರಿಂದ ಸ್ವಲ್ಪ ದೂರದಲ್ಲಿ ಬುತ್ತಿಯ ಬುಟ್ಟಿ ಹಿಡಿದು ನನ್ನ ವಿದ್ಯಾರ್ಥಿನಿ ನಿಂತಿದ್ದಳು. ನನ್ನನ್ನು ನೋಡಿ ಅವಳ ಮುಖದ ಬಣ್ಣವೇ ಹೋಯಿತು.

"ನಾ ಕಾಲೇಜಿನ ಮ್ಯಾಡಮ್‌ರಿ. ಮಿಷನ್ ಬಂದ್ ಮಾಡಸ್ರಿ. ಕೆಳಗ ಒಂದ ಬಾರ್ ಉಳದೈತಿ!"

ಅವರು ಕೈ ಕಿವಿಗಿಟ್ಟು ಎರಡನೆಯ ಸಲ ಕೇಳಿಸಿಕೊಂಡರು. ಆಮೇಲೆ ನಕ್ಕರು. "ಇಂಗ್ಲಿಷ್ ಮ್ಯಾಡಮ್ಮರು ಬಾರ್ ಎಣಸೂದು ಯಾವಾಗ ಕಲ್ತ್ರಿ? ಇಪ್ಪತ್ತ ವರ್ಷ ಆತ್ರಿ ನಾ ಈ ಕೆಲಸ ಮಾಡಾಕತ್ತು. ಒಬ್ಬರ ಬೆರಳ ಸೈತ ಹೋಗಿಲ್ಲ. ಒಂಬತ್ತ ಹಚ್ಚೇನಿ, ಒಂಬತ್ತ ಕೇಳೇನಿ. ನಿಮಗ್ಯಾರ ಹೇಳಿದ್ರು?"

ಇಲ್ಲಿ ನಾನು ನಿಂತುಬಿಟ್ಟೆ. ಬಂಧುಗಳೆಲ್ಲ ಬೇಡವೆಂದರೂ ಕೇಳದೆ ಮಗಳನ್ನು ಕಾಲೇಜಿಗೆ ಕಳಿಸಿದ ಮನುಷ್ಯ ಇವರು ಎಂದು ಜೀಪಿನಲ್ಲಿ ಹತೋಡಿ ಹೇಳಿದ್ದ. ಮಗಳ ಹೆಸರು ಹೇಳಿದರೆ, ಆಳುಗಳ ಎದುರಿಗೆ, ಕಾಲೇಜು ಅವಳಿಗೆ ಕಲಿಸಿದ್ದು ಅಪ್ಪನ ತಪ್ಪು ಎಣಿಸುವುದನ್ನೇ ಎಂದಾಗುತ್ತದೆ. ಅವಳು ನನ್ನನ್ನೇ ನೋಡುತ್ತಿದ್ದಳು.

"ಓದಿದೆ," ಎಂದೆ.

"ಎಲ್ಲಿ?"

"ಕಂಪ್ಯೂಟರಿನಾಗ."

ಟ್ರ್ಯಾಕ್ಟರಿನ ಮೇಲೆ ಕುಳಿತವನು ಹೊಟ್ಟೆ ಹಿಡಿದು ನಕ್ಕ. "ಉಸ್ತಾದ್ರ, ನಿಮ್ಮ ಬಾವಿ ಕಂಪ್ಯೂಟರಿನಾಗ ಬಂದೈತಂತ! ನೀರು ಬಂದೈತೇನ ಕೇಳ್ರಿ!"

ಆ ನಗುವಿನ ನಡುವೆ ಬುಟ್ಟಿ ನೆಲಕ್ಕಿಟ್ಟ ಸದ್ದಾಯಿತು.

"ಅಬ್ಬಾ," ಎಂದು ಮಗಳು ಅಪ್ಪನನ್ನು ಕರೆದಳು, "ಎಂಟ."

"ಏನಂದಿ?"

"ಎಂಟ ಆಗ್ಯಾವ. ನಾ ಕಾಯಿ ಇಟ್ಟ ಎಣಿಸೀನಿ."

"ನಾಕ ದಿನಾ ಸುಮ್ನ ಕುಂತಿದ್ದೆಲ್ಲ?"

"ನೀವ ಒಂಬತ್ತ ಅಂದ್ರಿ."

ಉಸ್ತಾದರು ಮಗಳನ್ನು ನೋಡುತ್ತ ನಿಂತರು. ಕೆಳಗೆ ಡ್ರಿಲ್ಲಿನವನು "ಒತ್ತಲ್ಯಾ?" ಎಂದು ಕೂಗಿದ. ಆಗ ಅವರು ತಲೆ ತಿರುಗಿಸದೆಯೇ ಬಲಗೈ ಮೇಲೆತ್ತಿದರು. ಟ್ರ್ಯಾಕ್ಟರಿನವನ ನಗು ನಿಂತಿತು, ಎಂಜಿನ್ನೂ ನಿಂತಿತು.

"ಮ್ಯಾಲ ಬರ್ರೋ ಇಬ್ರೂ. ಡ್ರಿಲ್ ಅಲ್ಲೇ ಮಲಗಸ್ರಿ, ಹಗೂರಕ. ಏನೂ ಮುಟ್ಟಬ್ಯಾಡ್ರಿ."

ಇಬ್ಬರೂ ಹತ್ತಿ ಬಂದ ಮೇಲೆ ಅವರು ಒಬ್ಬರೇ ಇಳಿದರು. ಕಬ್ಬಿಣದ ಒಂದು ತುಂಡನ್ನೂ ಒಯ್ಯಲಿಲ್ಲ. ಒಂದು ಕೊಡ ನೀರು, ಒಂದು ಬಿದಿರಿನ ಕಡ್ಡಿ. ಸಿಡಿದ ತೂತುಗಳ ಬುಡ ಕಲ್ಲಿನಲ್ಲಿ ಬಟ್ಟಲಿನಂತೆ ಉಳಿಯುತ್ತದೆ. ಅವರು ಪುಡಿಗಲ್ಲನ್ನು ಕೈಯಿಂದ ಸರಿಸುತ್ತ ಒಂದೊಂದೇ ಬುಡ ಹುಡುಕಿ, ಒಂದೊಂದಕ್ಕೂ ಬೆರಳು ಮುಟ್ಟಿಸಿ ಗಟ್ಟಿಯಾಗಿ ಎಣಿಸಿದರು. ನಾವು ಮೇಲಿಂದ ನೋಡುತ್ತಿದ್ದೆವು. ಎಂಟರವರೆಗೆ ಕೇಳಿತು. ಮೂಲೆಯಲ್ಲಿ ಒಂದು ಚಪ್ಪಟೆ ಕಲ್ಲು ಎತ್ತಿ, ಅವರು ಹಾಗೇ ಕುಕ್ಕರಗಾಲಿನಲ್ಲಿ ಕುಳಿತರು. ಆಮೇಲೆ ನಿಧಾನಕ್ಕೆ ಮುಖ ಮೇಲೆತ್ತಿದರು.

"ಐತಿ," ಎಂದರು. ಅಷ್ಟೇ.

ಹೊಸ ತೂತು ಎಲ್ಲಿ ಕೊರೆಯಬೇಕೆಂದು ಅವರೇ ಬೆಳಿಗ್ಗೆ ಸುಣ್ಣದಲ್ಲಿ ಗುರುತು ಹಾಕಿದ್ದರು. ಆ ಬಿಳಿ ಚುಕ್ಕೆ ಅಲ್ಲಿಂದ ಒಂದು ಗೇಣು ದೂರದಲ್ಲಿತ್ತು. ಹತೋಡಿ ಅದನ್ನು ಬೆರಳು ಮಾಡಿ ತೋರಿಸಿ, ಮತ್ತೆ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡ.

ಉಳಿದ ಬಾರನ್ನು ಎಳೆದು ತೆಗೆಯುವಂತಿಲ್ಲ. ನೀರು ಹನಿಸಿ, ತೂತಿನ ಬಾಯಿಗೆ ಗಟ್ಟಿಯಾಗಿ ತುಂಬಿದ ಮಣ್ಣನ್ನು ಮೆತ್ತಗೆ ಮಾಡಿ, ಕಡ್ಡಿಯಿಂದ ಚೂರು ಚೂರೇ ತೆಗೆದು, ಅದರ ಮೇಲೆಯೇ ಇನ್ನೊಂದು ಮದ್ದು ಇಟ್ಟು ಸಿಡಿಸಬೇಕು. ಇಷ್ಟಕ್ಕೆ ಮಧ್ಯಾಹ್ನ ದಾಟಿತು. ಬುತ್ತಿ ಯಾರೂ ಬಿಚ್ಚಲಿಲ್ಲ. ಕೊನೆಗೆ ಬೆಂಕಿ ಹಚ್ಚುವ ಮೊದಲು ಅವರು ಮಗಳಿಗೆ ಹೇಳಿದರು: "ನೀ ಮಾಳಗಿ ಮ್ಯಾಲ ಹೋಗಿ ನಿಂದ್ರು. ಗುರುವಾರ ಎಲ್ಲಿ ನಿಂತಿದ್ದಿ, ಅಲ್ಲೇ." ತಾವು ಹಚ್ಚಿ ಹತ್ತಿ ಬಂದು, ಗುರುವಾರ ಕುಳಿತಿದ್ದ ಜಾಗಕ್ಕೇ, ಬಾವಿಯಿಂದ ತೆಗೆದ ಕಲ್ಲಿನ ಗುಡ್ಡೆಯ ಹಿಂದೆ, ನಮ್ಮನ್ನೂ ಕರೆದು ಕೂರಿಸಿದರು. ಎದುರಿಗೆ ಕರಿಕಲ್ಲಿನ ದಿನ್ನೆ.

ಸದ್ದು ಎದೆಯೊಳಗೆ ಬಂತು. ಮೇಲೆ ಹೋದ ಕಲ್ಲುಗಳು ಎಳ್ಳಿನ ಹಾಗೆ ಕಾಣಿಸಿ, ಮತ್ತೆ ಕಲ್ಲುಗಳಾಗಿ ಬಿದ್ದವು. ಅದರ ಬೆನ್ನಿಗೇ, ದಿನ್ನೆಯ ಕಡೆಯಿಂದ, ಇನ್ನೊಂದು ಢಮ್. ಸ್ಪಷ್ಟವಾಗಿ, ಗಟ್ಟಿಯಾಗಿ.

ಉಸ್ತಾದರು ಎದ್ದು ನಿಂತು ಮಾಳಿಗೆಯ ಕಡೆ ಎರಡೂ ಕೈ ಎತ್ತಿ, ಎಷ್ಟು ಎಂದು ಸನ್ನೆಯಲ್ಲಿ ಕೇಳಿದರು. ದೂರದಲ್ಲಿ ಅವಳು ಒಂದು ಬೆರಳು ಎತ್ತಿದಳು.

"ಒಂದ ಹಚ್ಚೇನಿ," ಎಂದರು, ಯಾರಿಗೂ ಅಲ್ಲ. "ಎರಡ ಕೇಳೇನಿ."

ಬಾರುಗಳು ಒಂದರ ಮೇಲೊಂದು ಹಾರುವಾಗ ಅವುಗಳ ಮಾರ್ದನಿ ಆ ಗದ್ದಲದಲ್ಲೇ ಮುಳುಗಿಹೋಗುತ್ತದೆ. ಗುರುವಾರ ಎಂಟನೆಯದು ಮಾತ್ರ ಕೊನೆಗೆ ಒಂಟಿಯಾಗಿ ಹಾರಿತ್ತು; ಮಾಳಿಗೆಗೆ ಕೇಳದ ಅದರ ಮಾರ್ದನಿ ಇಲ್ಲಿ ಕುಳಿತವರಿಗೆ ಒಂಬತ್ತನೆಯದಾಗಿ ಬಂದಿತ್ತು. ಅವರು ಸುಳ್ಳು ಹೇಳಿರಲಿಲ್ಲ. ಕೇಳಿದ್ದನ್ನೇ ಎಣಿಸಿದ್ದರು. ಕಲ್ಲಿನ ಗುಡ್ಡೆ ಬೆಳೆದಂತೆ ಕೂರುವ ಜಾಗ ಬದಲಾಗಿ ದಿನ್ನೆಗೆ ಎದುರಾಗಿತ್ತು, ಅಷ್ಟೇ. ಅವರು ನನ್ನ ಕಡೆ ತಿರುಗಿದರು. "ಮ್ಯಾಡಮ್‌ರೀ, ಕಂಪ್ಯೂಟರಿನಾಗ ಇನ್ನೂ ಏನರ ಬಂದ್ರ ಹೇಳ್ರಿ," ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ಆಮೇಲೆ ಮಗಳು ಕೆಳಗಿಳಿದು ಬರುವಷ್ಟು ಹೊತ್ತು ಅವರು ನಿಂತೇ ಕಾದರು. ಅವಳು ಬಂದಾಗ ತಲೆಯ ಮೇಲೆ ಕೈ ಇಟ್ಟು ಇಷ್ಟೇ ಹೇಳಿದರು: "ಇನ್ನಮ್ಯಾಲ ನೀ ಬೆರಳ ಎತ್ತೂತನಕ ಯಾರೂ ಬಾವ್ಯಾಗ ಇಳಿಯಂಗಿಲ್ಲ."

ತಿರುಗಿ ಬರುವಾಗ ಜೀಪಿನಲ್ಲಿ ಹತೋಡಿಯನ್ನು ಕೇಳಿದೆ, ತರಗತಿಯಲ್ಲಿ ಬೆಂಚಿನ ಕೆಳಗೆ ಬೆರಳು ಮಡಚುತ್ತಿದ್ದುದು ಅದಕ್ಕೇನಾ ಎಂದು. "ಹೌದ್ರಿ," ಎಂದ. "ಎಲ್ಲರ ಮನ್ಯಾಗೂ ಒಬ್ಬರರ ಬಾವ್ಯಾಗ ಇರ್ತಾರ್ರಿ. ಎಷ್ಟ ಹಚ್ಯಾರ ಅಂತ ನಮಗ ಗೊತ್ತಿರಂಗಿಲ್ಲ. ಆದ್ರೂ ಎಣಸ್ತೀವ್ರಿ."

ಆ ವಾರವೆಲ್ಲ ನನಗೆ ಸರಿಯಾಗಿ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಸುಣ್ಣದ ಆ ಚುಕ್ಕೆ, ಅದರ ಮೇಲೆ ನಿಂತ ಡ್ರಿಲ್ಲಿನ ಮೊನೆ, ಕೆಳಗಿನಿಂದ "ಒತ್ತಲ್ಯಾ?" ಎಂಬ ಕೂಗು. ಜೀಪ್ ತುಂಬಲಿ ಎಂದು ಕಾದಿದ್ದರೆ, ನಾನು ಬಾಗಿಲಲ್ಲಿ ಇನ್ನೂ ಸ್ವಲ್ಪ ಯೋಚಿಸುತ್ತ ನಿಂತಿದ್ದರೆ ಎಂದು ಮನಸ್ಸು ಲೆಕ್ಕ ಹಾಕುತ್ತಲೇ ಇತ್ತು. ಈಗಲೂ ಹಾಕುತ್ತದೆ. ಹೆದರಿಕೆಯ ಜೊತೆಗೆ ಇನ್ನೊಂದೂ ಇತ್ತು. ಯಾವುದೋ ದೂರದ ಕಡಲತೀರದ ಮುದುಕಿಯೊಬ್ಬಳು ಕಿಟಕಿಯಲ್ಲಿ ನಿಂತು ಸುಮ್ಮನಿದ್ದದ್ದು, ಜತ್ತದ ಕರಿಕಲ್ಲಿನ ತಳದಲ್ಲಿದ್ದ ಇಬ್ಬರನ್ನು ಮೇಲೆ ಕರೆದಿತ್ತು. ನಾನು ಕಲಿಸುವ ವಿಷಯಕ್ಕೆ ಅಂಥ ಶಕ್ತಿ ಇದೆಯೆಂದು ನಾನು ನಂಬಿಯೇ ಇರಲಿಲ್ಲ.

ಮಾತು ಮುರಿದೆನಲ್ಲ, ಇನ್ನು ಯಾರೂ ಬರೆಯಲಿಕ್ಕಿಲ್ಲ ಎಂದುಕೊಂಡು ಮುಂದಿನ ಶನಿವಾರ ಮಧ್ಯಾಹ್ನ ಅಂಗಡಿಗೆ ಹೋದೆ. ಹೊಸ ಬರಹಗಳು ಸಾಲಾಗಿ ಬಂದಿದ್ದವು. ಮೊದಲು ಹಳೆಯದನ್ನೇ ತೆರೆದೆ. ನನ್ನ ಟಿಪ್ಪಣಿಯನ್ನು ಅಳಿಸಿಹಾಕಬೇಕೆಂದು ಬಂದಿದ್ದೆ. ಆದರೆ ಅದರ ಕೆಳಗೆ, ಅಂದೇ ಬೆಳಿಗ್ಗೆ, ಖಾರ ಉತ್ತರ ಬರೆದಿದ್ದಳು. ಕ್ರಿಯಾಪದಗಳನ್ನು ನಾನು ಹೇಳಿದಂತೆ ಒಂದೊಂದಾಗಿ ತಿದ್ದಿದ್ದಳು. ಕೊನೆಯಲ್ಲಿ ನನ್ನ ಪ್ರಶ್ನೆಯನ್ನೇ ಮತ್ತೆ ಬರೆದು, ಮೆಣಸಿನಕಾಯಿ ಎಣಿಸುವ ವಿವರ ಇಲ್ಲಿ ಬೇಕೆ ಎಂಬುದರ ಮುಂದೆ, ವಿದ್ಯಾರ್ಥಿ ಅಧ್ಯಾಪಕಿಗೆ ಉತ್ತರಿಸುವಷ್ಟೇ ವಿನಯದಿಂದ ಹೇಳಿದ್ದಳು:

"ಬೇಕು, ಮ್ಯಾಡಮ್."

ನಾನು ಏನನ್ನೂ ಅಳಿಸಲಿಲ್ಲ.